ಕ್ವಿಯರ್ ಪಾತ್ರಗಳಿರುವ ಸೈ-ಫೈ ಆಡಿಯೋ ನಾಟಕ: ಯಾವುದರಿಂದ ಶುರು ಮಾಡಬೇಕು?

"ಗೇ ಪಾತ್ರ ಇರೋ ಒಳ್ಳೆ ಸೈ-ಫೈ ಆಡಿಯೋ ನಾಟಕ ಯಾವುದು" ಎಂದು ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಪಟ್ಟಿಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಒಂದು ನಾಟಕದಲ್ಲಿ ಇಬ್ಬರು ಹೆಂಗಸರ ಪ್ರೀತಿಯೇ ಕತೆಯ ಬೆನ್ನೆಲುಬು. ಇನ್ನೊಂದರಲ್ಲಿ ಯಾವುದೋ ಮೂಲೆಯ ಪಾತ್ರ ಒಂದೇ ಒಂದು ಸಲ ತನ್ನ ಹಳೆಯ ಬಾಯ್‌ಫ್ರೆಂಡ್ ಹೆಸರು ಎತ್ತುತ್ತಾನೆ, ಅಷ್ಟೇ. ಎರಡಕ್ಕೂ ಅದೇ ಕಾಮನಬಿಲ್ಲಿನ ಚಿಹ್ನೆ ಅಂಟಿಸಿರುತ್ತಾರೆ. ಯಾವುದನ್ನು ಕೇಳಬೇಕು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಪಾತ್ರದ ಪ್ರೀತಿಯನ್ನೋ ಗುರುತನ್ನೋ ತೆಗೆದುಬಿಟ್ಟರೆ ಕತೆ ಹಾಗೇ ನಿಲ್ಲುತ್ತಾ, ಇಲ್ಲಾ ಕುಸಿಯುತ್ತಾ? ಕುಸಿಯುವಂಥ ನಾಟಕಗಳೇ ನನಗೆ ಇಷ್ಟ. ಅಲ್ಲಿ ಕ್ವಿಯರ್ ಜನ (ಗೇ, ಲೆಸ್ಬಿಯನ್, ಟ್ರಾನ್ಸ್ ಮುಂತಾದವರು) ಲೆಕ್ಕ ಭರ್ತಿಗೆ ಬಂದಿರುವುದಿಲ್ಲ. ಅವರು ಇರುವುದರಿಂದಲೇ ಕತೆ ಇರುತ್ತದೆ.

ಆಡಿಯೋ ನಾಟಕದಲ್ಲಿ ಈ ಪ್ರಶ್ನೆಗೆ ಬೆಲೆ ಜಾಸ್ತಿ. ಸಿನಿಮಾದಲ್ಲಿ ಹಿನ್ನೆಲೆಯಲ್ಲಿ ಇಬ್ಬರು ಕೈಕೈ ಹಿಡಿದು ನಿಂತದ್ದನ್ನು ಎರಡು ಸೆಕೆಂಡು ತೋರಿಸಿ "ನಮ್ಮಲ್ಲೂ ಇದ್ದಾರೆ" ಎಂದು ಹೇಳಿಕೊಳ್ಳಬಹುದು. ಇಲ್ಲಿ ಕಣ್ಣಿಗೆ ಏನೂ ಇಲ್ಲ. ಪ್ರೀತಿ ಇದ್ದರೆ ಅದು ಮಾತಿನಲ್ಲಿ, ತಡವರಿಕೆಯಲ್ಲಿ, ಮಾತು ನಿಂತ ಜಾಗದಲ್ಲಿ ಕೇಳಿಸಲೇಬೇಕು. ಮರೆಮಾಚಿ ಸುಮ್ನೆ ಸೂಚಿಸಿಬಿಡುವ ಅವಕಾಶ ಬರೆಯುವವರಿಗೆ ಕಮ್ಮಿ.

ಇನ್ನೊಂದು ಕಾರಣವೂ ಇದೆ. ತುಂಬಿದ ಮನೆಯಲ್ಲಿ ಇರುವವರಿಗೆ ಟೀವಿಯಲ್ಲೋ ಲ್ಯಾಪ್‌ಟಾಪಿನಲ್ಲೋ ಇಂಥ ಕತೆ ನೋಡುವುದು ಕಷ್ಟ. ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಇನ್ನೂ ಏನನ್ನೂ ಹೇಳಿಕೊಳ್ಳದ ಹುಡುಗ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ.

ಇಲ್ಲಿ ಹೇಳುವ ನಾಟಕಗಳೆಲ್ಲ ಇಂಗ್ಲಿಷಿನವು. ಹೆಚ್ಚಿನವು ಉತ್ತರ ಅಮೆರಿಕದವು, ಎರಡು ಬ್ರಿಟನ್ನಿನವು. ಬ್ರಿಟನ್ನಿನವನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಉಳಿದವನ್ನು ಪಾಡ್‌ಕಾಸ್ಟ್ ಆಪ್‌ಗಳಲ್ಲಿ ಪುಕ್ಕಟೆಯಾಗಿ ಕೇಳಬಹುದು.

ಬಾಹ್ಯಾಕಾಶವೇ ಬೇಕು ಅನ್ನುವವರಿಗೆ

ಇಲ್ಲಿ ನಿಜವಾದ ಪೈಪೋಟಿ ಎರಡರ ನಡುವೆ: 'ದಿ ಸ್ಟ್ರೇಂಜ್ ಕೇಸ್ ಆಫ್ ಸ್ಟಾರ್‌ಶಿಪ್ ಐರಿಸ್' ಮತ್ತು 'ದಿ ಪೆನಂಬ್ರಾ ಪಾಡ್‌ಕಾಸ್ಟ್' ಒಳಗಿನ ಜುನೋ ಸ್ಟೀಲ್ ಕತೆಗಳು. ಎರಡೂ 2016ರಲ್ಲಿ ಶುರುವಾದವು. ಎರಡರಲ್ಲೂ ಕ್ವಿಯರ್ ಪಾತ್ರಗಳು ಕತೆಯ ನಟ್ಟನಡುವೆ ಇವೆ. ಆದರೆ ಒಂದು ಇಷ್ಟವಾದವರಿಗೆ ಇನ್ನೊಂದು ಇಷ್ಟವಾಗುತ್ತದೆ ಎಂದು ಹೇಳಲಾಗದು.

ಐರಿಸ್ ಬರೆದವರು ಜೆಸ್ಸಿಕಾ ಬೆಸ್ಟ್. ವೈಲೆಟ್ ಲಿಯು ಎಂಬ ಜೀವವಿಜ್ಞಾನಿ ಇದ್ದ ನೌಕೆ ಸ್ಫೋಟಗೊಂಡಿದೆ. ಬದುಕಿ ಉಳಿದವಳು ಅವಳೊಬ್ಬಳೇ. ಅವಳನ್ನು ಕಾಪಾಡುವವರು ಸರ್ಕಾರದ ಕಣ್ಣು ತಪ್ಪಿಸಿ ಓಡಾಡುವ ಕಳ್ಳಸಾಗಣೆಯ ಮಂದಿ. ಅವರ ಹಡಗಿನ ಹೆಸರು ರೂಮರ್. ಕ್ಯಾಪ್ಟನ್ ಸನಾ ತ್ರಿಪಾಠಿ. ಇನ್ನೊಬ್ಬಳು ಅರ್ಕಾಡಿ ಪಟೇಲ್, ಯಾರನ್ನೂ ಬೇಗ ನಂಬದವಳು, ಮಾತು ಒರಟು. ಹೆಸರು ಕೇಳಿದರೇ ಗೊತ್ತಾಗುತ್ತದಲ್ಲ, ನಮ್ಮ ಕಡೆಯ ಹೆಸರುಗಳು ಈ ಬಾಹ್ಯಾಕಾಶದಲ್ಲಿ ಸಹಜವಾಗಿ ಓಡಾಡುತ್ತವೆ. ಅದಕ್ಕೆ ಯಾರೂ ವಿವರಣೆ ಕೊಡುವುದಿಲ್ಲ. ನನಗೆ ಅದೇ ಖುಷಿ.

ವೈಲೆಟ್ ಮತ್ತು ಅರ್ಕಾಡಿ ಪ್ರೀತಿಗೆ ಬೀಳುವುದು ನಿಧಾನವಾಗಿ. ಮೊದಲು ಜಗಳ, ಆಮೇಲೆ ಅರೆಮನಸ್ಸಿನ ನಂಬಿಕೆ, ಆಮೇಲೆ ಒಬ್ಬರಿಗೆ ಏಟಾದಾಗ ಇನ್ನೊಬ್ಬರ ದನಿಯಲ್ಲಿ ಬರುವ ನಡುಕ. ಅದೇ ಹಡಗಿನಲ್ಲಿ ಬ್ರಯನ್ ಜೀಟರ್ ಇದ್ದಾನೆ, ಟ್ರಾನ್ಸ್ ಗಂಡಸು (ಹುಟ್ಟಿದಾಗ ಹೆಣ್ಣು ಎಂದು ಗುರುತಿಸಿದ್ದರೂ ತಾನು ಗಂಡು ಎಂದು ಬದುಕುವವನು), ಭಾಷೆಗಳನ್ನು ಬಲ್ಲವನು. ಅವನ ಜೋಡಿ ಕ್ರೆಜ್, ಮನುಷ್ಯಕುಲವಲ್ಲ, ಡ್ವಾರ್ನಿಯನ್. ಈ ಎರಡು ಕುಲಗಳ ನಡುವೆ ದೊಡ್ಡ ಯುದ್ಧ ನಡೆದು ಹೋಗಿದೆ. ಹಾಗಾಗಿ ಹೊರಗಿನವರ ಹುಬ್ಬೇರುವುದು ಬ್ರಯನ್ ಟ್ರಾನ್ಸ್ ಎಂಬುದಕ್ಕಲ್ಲ, ಶತ್ರುಕುಲದ ಜೋಡಿಯನ್ನು ಪ್ರೀತಿಸಿದ್ದಕ್ಕೆ. ಟ್ರಾನ್ಸ್ ಪಾತ್ರ ಬಂದ ಕೂಡಲೇ ಅವನ ದೇಹದ ಬಗ್ಗೆ, ಹಳೆಯ ಹೆಸರಿನ ಬಗ್ಗೆ ಕತೆ ಹೊರಳುವುದನ್ನು ಎಷ್ಟು ಸಲ ನೋಡಿಲ್ಲ ನಾವು! ಇಲ್ಲಿ ಅವನಿಗೆ ಕೆಲಸ ಇದೆ, ತಮಾಷೆ ಇದೆ, ಭಯ ಇದೆ, ಪ್ರೀತಿ ಇದೆ.

ಈ ನಾಟಕದ ಕಟ್ಟು ಕೂಡ ಗಮನಿಸಬೇಕು. ನಾವು ಕೇಳುವುದೆಲ್ಲ ಸರ್ಕಾರ ಕದ್ದು ಧ್ವನಿಮುದ್ರಿಸಿದ ಮಾತುಗಳು. ಏಜೆಂಟ್ ಪಾರ್ಕ್ ಎಂಬ ಅಧಿಕಾರಿ ಅವನ್ನು ಕೇಳಿ, ಟಿಪ್ಪಣಿ ಸೇರಿಸಿ, ಮೇಲಕ್ಕೆ ಕಳಿಸುತ್ತಾನೆ. ಅಂದರೆ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡ ಅತ್ಯಂತ ಖಾಸಗಿ ಮಾತು ಒಂದು ಕಚೇರಿಯ ಫೈಲಿನಲ್ಲಿದೆ. ನಾವು ಕೂತಿರುವುದೂ ಆ ಅಧಿಕಾರಿಯ ಕುರ್ಚಿಯಲ್ಲೇ. ಕ್ವಿಯರ್ ಜನರ ಖಾಸಗಿ ಬದುಕಿನ ಮೇಲೆ ಕಣ್ಣಿಟ್ಟ ಸರ್ಕಾರಗಳ ಚರಿತ್ರೆ ಗೊತ್ತಿರುವವರಿಗೆ ಇದು ಎಲ್ಲಿ ನಾಟುತ್ತದೆ ಎಂದು ಹೇಳಬೇಕಿಲ್ಲ. ಈ ಪ್ರೀತಿಗಳನ್ನು ತೆಗೆದುಬಿಟ್ಟರೆ ರೂಮರ್ ಹಡಗಿನ ಮಂದಿ ಒಂದು ಕುಟುಂಬವಾಗಿ ಉಳಿಯುವುದೇ ಇಲ್ಲ.

ಜುನೋ ಸ್ಟೀಲ್ ಬೇರೆಯೇ ಜಾತಿಯ ಕತೆ. ಸೋಫಿ ಕೇನರ್ ಮತ್ತು ಕೆವಿನ್ ವೈಬರ್ಟ್ ಇದರ ಹಿಂದಿರುವವರು. ಮಂಗಳ ಗ್ರಹದ ಹೈಪೀರಿಯನ್ ಸಿಟಿ. ಅಲ್ಲೊಬ್ಬ ಖಾಸಗಿ ಪತ್ತೇದಾರ. ಹಳೆಯ ಪತ್ತೇದಾರಿ ಸಿನಿಮಾಗಳ ಧಾಟಿ: ಮಳೆ, ಕುಡಿತ, ಭ್ರಷ್ಟ ಮೇಯರ್, ಎಲ್ಲರ ಮೇಲೂ ಸಿಟ್ಟು. ಆ ಸಿನಿಮಾಗಳಲ್ಲಿ ಪತ್ತೇದಾರನ ಬಾಗಿಲು ತಟ್ಟುವುದು ಗುಟ್ಟುಗಳನ್ನು ಹೊತ್ತ ಸುಂದರಿ. ಇಲ್ಲಿ ಬಾಗಿಲು ತಟ್ಟುವವನು ರೆಕ್ಸ್ ಗ್ಲಾಸ್ ಎಂದು ಹೇಳಿಕೊಂಡು ಬರುವ ಗಂಡಸು. ಅವನ ನಿಜವಾದ ಹೆಸರು ಪೀಟರ್ ನುರೆಯೆವ್, ಕಸುಬು ಕಳ್ಳತನ. ಜುನೋ ನಾನ್‌ಬೈನರಿ, ಅಂದರೆ ಗಂಡು ಅಥವಾ ಹೆಣ್ಣು ಎಂಬ ಒಂದೇ ಚೌಕಟ್ಟಿಗೆ ಸೇರದ ಪಾತ್ರ. ಅವನ ಲೋಕದಲ್ಲಿ ಅವನನ್ನು 'ಅವನು' ಅನ್ನುತ್ತಾರೆ, ಅದೇ ಉಸಿರಿನಲ್ಲಿ 'ಲೇಡಿ' ಎಂದೂ ಕರೆಯುತ್ತಾರೆ, ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ.

ಜುನೋ ಪಾತ್ರ ಮಾಡಿದವರು ಜೋಶುವಾ ಐಲಾನ್, ನುರೆಯೆವ್ ದನಿ ನೋವಾ ಸೈಮ್ಸ್. ಇವರಿಬ್ಬರ ಸಂಭಾಷಣೆಯ ಬಿಸಿಯೇ ಈ ನಾಟಕದ ಬಂಡವಾಳ. ಒಬ್ಬನ ದನಿ ಒರಟು, ಸುಸ್ತಾದದ್ದು. ಇನ್ನೊಬ್ಬನದು ನುಣುಪು, ಪ್ರತಿ ವಾಕ್ಯದ ಕೊನೆಯಲ್ಲೂ ನಗು ಅಡಗಿದಂತೆ. ಮೊದಲ ಕತೆಯಲ್ಲೇ ಇಬ್ಬರ ನಡುವೆ ಏನು ನಡೆಯುತ್ತಿದೆ ಎಂಬುದು ನಮಗೆ ಗೊತ್ತಾಗಿಬಿಡುತ್ತದೆ. ಒಪ್ಪಿಕೊಳ್ಳಲು ಜುನೋಗೆ ಬಹಳ ಕಾಲ ಬೇಕು. ಅಡ್ಡ ಬರುವುದು ಸಮಾಜವಲ್ಲ. ತನ್ನ ಮೇಲೆ ತನಗೇ ಇರುವ ತಿರಸ್ಕಾರ, ಖಿನ್ನತೆ, ಹಳೆಯ ಗಾಯಗಳು. ಮುಂದೆ ಬಡ್ಡಿ ಔರಿಂಕೋ ಮತ್ತು ವೆಸ್ಪಾ ಎಂಬ ಹೆಂಗಸರ ಜೋಡಿ ಬರುತ್ತದೆ. ವರ್ಷಗಟ್ಟಲೆ ಪರಸ್ಪರ ಕಳೆದುಕೊಂಡು ಮತ್ತೆ ಸಿಕ್ಕವರು ಅವರು. ವಯಸ್ಸು, ಕಾಯಿಲೆ, ಹಳೆಯ ಮುನಿಸು ಎಲ್ಲ ಸೇರಿದ ದಾಂಪತ್ಯ ಅವರದು. ನನಗೆ ಜುನೋಗಿಂತ ಅವರೇ ಹೆಚ್ಚು ಇಷ್ಟ.

ಹಾಗಾದರೆ ಯಾವುದು? ಮನಸ್ಸು ಈಗಾಗಲೇ ಭಾರವಾಗಿದ್ದರೆ ಜುನೋ ಬೇಡ, ಐರಿಸ್ ಕೇಳಿ. ಅಲ್ಲೂ ಅಪಾಯ ಇದೆ, ಆದರೆ ಒಟ್ಟಿಗೆ ಇರುವ ಬೆಚ್ಚಗಿನ ಭಾವ ಜಾಸ್ತಿ. ಉತ್ಕಟ ಪ್ರೇಮ ಬೇಕು, ಎದೆ ಒಡೆದರೂ ಪರವಾಗಿಲ್ಲ ಅನ್ನುವವರಿಗೆ ಜುನೋ. ಒಂದು ಸಣ್ಣ ಎಚ್ಚರಿಕೆ: ಪೆನಂಬ್ರಾ ಪಾಡ್‌ಕಾಸ್ಟಿನಲ್ಲಿ 'ಸೆಕೆಂಡ್ ಸಿಟಾಡೆಲ್' ಎಂಬ ಇನ್ನೊಂದು ಕತೆಯೂ ಅಕ್ಕಪಕ್ಕದಲ್ಲೇ ಬರುತ್ತದೆ. ಅದು ಯೋಧರು, ರಾಕ್ಷಸರು ಇರುವ ಫ್ಯಾಂಟಸಿ. ಅದೂ ಕ್ವಿಯರ್ ಕತೆಯೇ, ಆದರೆ ಸೈ-ಫೈ ಮಾತ್ರ ಬೇಕೆಂದರೆ ಶೀರ್ಷಿಕೆಯಲ್ಲಿ ಜುನೋ ಸ್ಟೀಲ್ ಹೆಸರಿರುವ ಕಂತುಗಳನ್ನಷ್ಟೇ ಆರಿಸಿಕೊಂಡರೆ ಸಾಕು.

'ವುಲ್ಫ್ 359' ಕೂಡ ಇಂಥ ಪಟ್ಟಿಗಳಲ್ಲಿ ಕಾಣಿಸುತ್ತದೆ. 2014ರಿಂದ 2017ರವರೆಗೆ ಬಂದ, ಬಾಹ್ಯಾಕಾಶ ನಿಲ್ದಾಣದ ಕತೆ, ನಾಟಕವಾಗಿ ಅದ್ಭುತ. ಕ್ವಿಯರ್ ಪ್ರೀತಿಯನ್ನು ಹುಡುಕಿಕೊಂಡು ಹೋದರೆ ಮಾತ್ರ ಬರಿಗೈಯಲ್ಲಿ ಬರುತ್ತೀರಿ.

ಭೂಮಿಯ ಮೇಲೆ, ಹದಿಹರೆಯದ ಹತ್ತಿರ

'ದಿ ಬ್ರೈಟ್ ಸೆಷನ್ಸ್' ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊಸಬರಿಗೆ ನಾನು ಕೈಗೆ ಕೊಡುವುದು ಇದನ್ನೇ. ಲಾರೆನ್ ಶಿಪ್ಪೆನ್ ಬರೆದದ್ದು. 2015ರ ನವೆಂಬರ್‌ನಲ್ಲಿ ಶುರುವಾಗಿ 2018ರ ಜೂನ್‌ನಲ್ಲಿ ಮೂಲ ಕತೆ ಮುಗಿಯಿತು. ಡಾಕ್ಟರ್ ಬ್ರೈಟ್ ಮನೋಚಿಕಿತ್ಸಕಿ. ಅವಳ ಹತ್ತಿರ ಬರುವವರು ಅಸಾಮಾನ್ಯ ಶಕ್ತಿ ಇರುವವರು. ಒಬ್ಬಳು ಕಾಲದಲ್ಲಿ ಹಿಂದಕ್ಕೆ ಹೋಗುತ್ತಾಳೆ, ಒಬ್ಬಳಿಗೆ ಬೇರೆಯವರ ಯೋಚನೆ ಕೇಳಿಸುತ್ತದೆ. ಮೊದಲ ಕಂತುಗಳೆಲ್ಲ ಚಿಕಿತ್ಸೆಯ ಕೋಣೆಯಲ್ಲಿ ಧ್ವನಿಮುದ್ರಿಸಿದ ಮಾತುಕತೆ, ಅಷ್ಟೇ. ಎರಡು ಕುರ್ಚಿ, ಎರಡು ದನಿ.

ಮೂರನೇ ಕಂತಿನಲ್ಲಿ ಕೇಲೆಬ್ ಬರುತ್ತಾನೆ. ಹೈಸ್ಕೂಲು ಹುಡುಗ, ಫುಟ್‌ಬಾಲ್ ಆಟಗಾರ. ಅವನಿಗೆ ಸುತ್ತಲಿನವರ ಭಾವನೆಗಳೆಲ್ಲ ತನ್ನ ಮೈಯೊಳಗೇ ನುಗ್ಗುತ್ತವೆ. ಪಕ್ಕದ ಹುಡುಗನಿಗೆ ಕೋಪ ಬಂದರೆ ಇವನ ಕೈ ಬಿಗಿಯುತ್ತದೆ. ಅವನ ತರಗತಿಯಲ್ಲಿ ಆಡಮ್ ಎಂಬ ಹುಡುಗ ಇದ್ದಾನೆ. ಓದಿನಲ್ಲಿ ಜಾಣ, ಒಳಗೊಳಗೇ ತುಂಬ ಬೇಸರ. ಆ ಬೇಸರ ಕೇಲೆಬ್‌ನನ್ನು ಮುಳುಗಿಸುತ್ತದೆ. ಆದರೂ ಅವನಿಗೆ ಆಡಮ್ ಹತ್ತಿರವೇ ಇರಬೇಕು ಅನ್ನಿಸುತ್ತದೆ.

ಇಲ್ಲಿ ಬರೆದವರ ಜಾಣ್ಮೆ ನೋಡಿ. ಕೇಲೆಬ್‌ನ ತಳಮಳ "ಹುಡುಗನನ್ನು ಇಷ್ಟಪಡುವುದು ತಪ್ಪಾ" ಎಂಬುದರ ಸುತ್ತ ಸುತ್ತುವುದಿಲ್ಲ. "ಈ ಭಾವನೆ ನನ್ನದಾ, ಅವನದಾ" ಎಂಬುದೇ ಅವನ ತಲೆಬಿಸಿ. ಎಲ್ಲರ ಭಾವನೆಗಳ ಗದ್ದಲದ ನಡುವೆ ತನ್ನದು ಯಾವುದು ಎಂದು ಹುಡುಕುವ ಹುಡುಗ. ಮನೆಯವರಿಗೆ ಏನು ಬೇಕು, ಊರಿಗೆ ಏನು ಬೇಕು ಎಂಬ ಗದ್ದಲದಲ್ಲಿ ಬೆಳೆದ ಯಾವ ಕ್ವಿಯರ್ ಹುಡುಗನಿಗೂ ಈ ಪ್ರಶ್ನೆ ಹೊಸದಲ್ಲ. ಸೈ-ಫೈ ಅಂಶ ಮತ್ತು ಕ್ವಿಯರ್ ಅಂಶ ಎರಡೂ ಒಂದೇ ಆಗಿಬಿಟ್ಟಿವೆ. ಒಂದನ್ನು ಕಿತ್ತರೆ ಇನ್ನೊಂದೂ ಹೋಗುತ್ತದೆ. ನನ್ನ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ.

ಕೇಲೆಬ್ ಪಾತ್ರ ಮಾಡಿದ ಬ್ರಿಗನ್ ಸ್ನೋ ಅವರ ದನಿಯಲ್ಲಿ ಹದಿಹರೆಯದ ಗಂಡುಹುಡುಗರ ಆ ಅರ್ಧ ಮಾತು, ಅರ್ಧ ಗೊಣಗಾಟ ಹಾಗೇ ಇದೆ. ಚಿಕಿತ್ಸಕಿ ಪ್ರಶ್ನೆ ಕೇಳಿದಾಗ ಮೊದಲು ಏನೂ ಇಲ್ಲ ಅನ್ನುವುದು, ಆಮೇಲೆ ಉಸಿರು ಬಿಡುವುದು, ಆಮೇಲೆ ಒಮ್ಮೆಲೇ ಎಲ್ಲ ಹೇಳಿಬಿಡುವುದು. ಕ್ಲೋಯಿ ಎಂಬ ಇನ್ನೊಬ್ಬಳು ಏಸೆಕ್ಷುಯಲ್, ಅಂದರೆ ಯಾರ ಮೇಲೂ ಲೈಂಗಿಕ ಆಕರ್ಷಣೆ ಇಲ್ಲದವಳು. ಮಾರ್ಕ್ ಎಂಬಾತ ಬೈಸೆಕ್ಷುಯಲ್, ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವವನು. ಡೇಮಿಯನ್ ಎಂಬಾತ ಮಾರ್ಕ್‌ಗೆ ಅಂಟಿಕೊಳ್ಳುವ ರೀತಿ ಮಾತ್ರ ಭಯ ಹುಟ್ಟಿಸುತ್ತದೆ. ತನಗೆ ಬೇಕಾದದ್ದನ್ನೇ ಎದುರಿನವರೂ ಬಯಸುವಂತೆ ಮಾಡುವ ಶಕ್ತಿ ಅವನದು. ಒಪ್ಪಿಗೆಗೂ ಒತ್ತಾಯಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ಇಷ್ಟು ಚೆನ್ನಾಗಿ ತೋರಿಸಿದ ನಾಟಕಗಳು ಕಮ್ಮಿ. ಕ್ವಿಯರ್ ಪಾತ್ರ ಎಂದ ಮಾತ್ರಕ್ಕೆ ಎಲ್ಲರೂ ಒಳ್ಳೆಯವರಾಗಿರಬೇಕಿಲ್ಲ, ಅಲ್ವಾ? ಆಡಮ್‌ನ ಖಿನ್ನತೆ ಮತ್ತು ತನ್ನನ್ನು ತಾನೇ ಗಾಯ ಮಾಡಿಕೊಳ್ಳುವ ವಿಷಯ ಬರುತ್ತದೆ. ಅದು ತಿಳಿದಿರಲಿ.

ಇಷ್ಟವಾದರೆ ಕೇಲೆಬ್ ಮತ್ತು ಆಡಮ್ ಕತೆಯನ್ನು ಅದೇ ಲೇಖಕಿ 'ದಿ ಇನ್ಫಿನಿಟ್ ನಾಯ್ಸ್' ಎಂಬ ಕಾದಂಬರಿಯಾಗಿ 2019ರಲ್ಲಿ ತಂದಿದ್ದಾರೆ.

ನೈಟ್ ವೇಲ್: ಎಲ್ಲರೂ ಹೇಳುವ ಹೆಸರು

ಈ ವಿಷಯ ಎತ್ತಿದರೆ ಮೊದಲು ಬರುವ ಹೆಸರು 'ವೆಲ್‌ಕಮ್ ಟು ನೈಟ್ ವೇಲ್'. ಜೋಸೆಫ್ ಫಿಂಕ್ ಮತ್ತು ಜೆಫ್ರಿ ಕ್ರೇನರ್ ಅವರದು, 2012ರ ಜೂನ್‌ನಲ್ಲಿ ಶುರು. ಮರುಭೂಮಿಯ ಒಂದು ಊರು, ಅಲ್ಲಿನ ಸ್ಥಳೀಯ ರೇಡಿಯೋ. ಸುದ್ದಿ ಓದುವವನು ಸೆಸಿಲ್. ಊರಿನ ನಾಯಿಗಳ ಪಾರ್ಕಿಗೆ ನಾಯಿಗಳೂ ಹೋಗುವಂತಿಲ್ಲ, ಮನುಷ್ಯರೂ ಹೋಗುವಂತಿಲ್ಲ. ಆಕಾಶದಲ್ಲಿ ವಿಚಿತ್ರ ಬೆಳಕು, ಮುಸುಕು ಹಾಕಿದ ಆಕೃತಿಗಳು. ಇದನ್ನೆಲ್ಲ ಅವನು ಹವಾಮಾನ ವರದಿ ಓದುವ ಹಾಗೆ ಓದುತ್ತಾನೆ.

ಮೊದಲ ಕಂತಿನಲ್ಲೇ ಕಾರ್ಲೋಸ್ ಎಂಬ ವಿಜ್ಞಾನಿ ಊರಿಗೆ ಬರುತ್ತಾನೆ. ಸೆಸಿಲ್ ಅಲ್ಲೇ, ರೇಡಿಯೋದಲ್ಲೇ, ಎಲ್ಲರಿಗೂ ಕೇಳುವಂತೆ, ತಾನು ಪ್ರೀತಿಗೆ ಬಿದ್ದೆ ಎಂದು ಹೇಳಿಬಿಡುತ್ತಾನೆ. ಕಾರ್ಲೋಸ್‌ನ ಕೂದಲನ್ನು ಎಷ್ಟು ಹೊಗಳಿದರೂ ಸಾಲದು. ಟೆಲ್ಲಿ ಎಂಬ ಕ್ಷೌರಿಕ ಆ ಕೂದಲು ಕತ್ತರಿಸಿದಾಗ ಸೆಸಿಲ್ ಅವನನ್ನು ಊರಿಗೇ ದ್ರೋಹ ಮಾಡಿದವನಂತೆ ಬೈಯುತ್ತಾನೆ. ವರ್ಷ ಕಳೆದ ಮೇಲೆ, 2013ರ ಜೂನ್‌ನ 'ಒನ್ ಇಯರ್ ಲೇಟರ್' ಎಂಬ ಕಂತಿನಲ್ಲಿ, ಸಾವಿನ ಬಾಯಿಂದ ತಪ್ಪಿಸಿಕೊಂಡ ಕಾರ್ಲೋಸ್ ಅವನನ್ನು ಒಂದು ಹೋಟೆಲಿನ ಪಾರ್ಕಿಂಗ್ ಜಾಗಕ್ಕೆ ಕರೆಯುತ್ತಾನೆ. ಅಲ್ಲಿ ನಡೆಯುವುದು ಇಷ್ಟೇ: ಮಂಡಿಯ ಮೇಲೆ ಕೈ, ಭುಜದ ಮೇಲೆ ತಲೆ. ನೋಡಲು ಏನೂ ಇಲ್ಲದ ಮಾಧ್ಯಮದಲ್ಲಿ ಆ ಒಂದು ಸ್ಪರ್ಶದ ವರ್ಣನೆಗೆ ಎಷ್ಟೊಂದು ಜನ ಅತ್ತಿದ್ದಾರೆ. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಎನ್ನುವ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತು. ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಾಗಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ನಡುವಿನ ಆ ವರ್ಷಗಳಲ್ಲಿ, ಯಾರೂ ಹುಬ್ಬೇರಿಸದ ಒಂದು ಊರು ಕಿವಿಯೊಳಗಾದರೂ ಸಿಕ್ಕಿದ್ದು ಇಲ್ಲಿನ ಕೇಳುಗರಿಗೆ ಎಷ್ಟು ದೊಡ್ಡದು ಎಂದು ನಾನು ಬಲ್ಲೆ.

ಇನ್ನೊಂದು ಒಳ್ಳೆಯ ವಿಷಯ. ಮೊದಲು ಕಾರ್ಲೋಸ್‌ನ ದನಿಯಾಗಿದ್ದವರು ಕ್ರೇನರ್ ಅವರೇ. ಬಿಳಿಯನಲ್ಲದ ಪಾತ್ರಕ್ಕೆ ಬಿಳಿಯ ನಟ ದನಿ ಕೊಡುವುದು ಸರಿಯಲ್ಲ ಎಂದು ಆಮೇಲೆ ಡಿಲನ್ ಮೆರನ್ ಅವರಿಗೆ ಆ ಪಾತ್ರ ಹೋಯಿತು.

ಆದರೂ ಮೊದಲ ಆಯ್ಕೆಯಾಗಿ ನಾನು ನೈಟ್ ವೇಲ್ ಹೇಳುವುದಿಲ್ಲ. ಕಾರಣ ಸರಳ. ಕಂತುಗಳು ಇನ್ನೂರೈವತ್ತು ದಾಟಿವೆ. ಅದು ಸೈ-ಫೈಗಿಂತ ವಿಚಿತ್ರ ಕತೆಗಳ ಕಡೆಗೇ ಹೆಚ್ಚು ವಾಲುತ್ತದೆ. ಕತೆ ಮುಂದಕ್ಕೆ ಓಡಬೇಕು ಅನ್ನುವವರಿಗೆ ತಾಳ್ಮೆ ಕೆಡುತ್ತದೆ. ಸೆಸಿಲ್ ಮತ್ತು ಕಾರ್ಲೋಸ್ ಮುಂದೆ ಮದುವೆಯಾಗಿ ಸಂಸಾರ ಮಾಡುವುದನ್ನು ವರ್ಷಗಟ್ಟಲೆ ನಿಧಾನಕ್ಕೆ ಕೇಳುವ ಸುಖವೇ ಬೇರೆ, ನಿಜ. ಅದು ಅಭ್ಯಾಸವಾದವರಿಗೆ. ಪರೀಕ್ಷೆ ಮಾಡಿ ನೋಡಬೇಕೆಂದರೆ ಮೊದಲ ಕಂತಿನಿಂದ 27ನೇ ಕಂತು 'ಫಸ್ಟ್ ಡೇಟ್'ವರೆಗೆ ಕೇಳಿ ನಿಲ್ಲಿಸಿ. ಅಷ್ಟೇ ಒಂದು ಪೂರ್ತಿ ಪ್ರೇಮಕತೆಯಾಗುತ್ತದೆ.

ಕಟ್ಟುವ ರೀತಿಯೇ ಹೊಸದಾಗಿರಬೇಕು ಅನ್ನುವವರಿಗೆ

'ವಿದಿನ್ ದಿ ವೈರ್ಸ್' ನನ್ನ ಪ್ರಕಾರ ಇಲ್ಲಿರುವ ಎಲ್ಲಕ್ಕಿಂತ ಜಾಣ ನಾಟಕ. ಜೆಫ್ರಿ ಕ್ರೇನರ್ ಮತ್ತು ಜನೀನಾ ಮ್ಯಾಥ್ಯೂಸನ್ 2016ರಲ್ಲಿ ಶುರು ಮಾಡಿದರು. ಕತೆ ನಡೆಯುವುದು ಕುಟುಂಬ ಎಂಬುದನ್ನೇ ರದ್ದು ಮಾಡಿದ ಲೋಕದಲ್ಲಿ. ದೊಡ್ಡ ವಿನಾಶವೊಂದರ ನಂತರ, ಯುದ್ಧಗಳಿಗೆಲ್ಲ ರಕ್ತಸಂಬಂಧದ ಮೋಹವೇ ಮೂಲ ಎಂದು ತೀರ್ಮಾನಿಸಿ ಮಕ್ಕಳನ್ನು ಸರ್ಕಾರವೇ ಸಾಕುತ್ತದೆ. ಬಾಲ್ಯದ ಬಂಧಗಳ ನೆನಪನ್ನೂ ಅಳಿಸುತ್ತದೆ.

ಮೊದಲ ಸೀಸನ್ ಹತ್ತು ಕ್ಯಾಸೆಟ್. ಮನಸ್ಸನ್ನು ಶಾಂತಗೊಳಿಸಲು ರೋಗಿಗಳಿಗೆ ಕೇಳಿಸುವ ಕ್ಯಾಸೆಟ್. ಒಬ್ಬ ಹೆಂಗಸಿನ ಮೃದುವಾದ ದನಿ ಹೇಳುತ್ತದೆ: ಉಸಿರು ಎಳೆದುಕೊಳ್ಳಿ, ಬಿಡಿ, ಭುಜ ಸಡಿಲಿಸಿ. ಎರಡನೇ, ಮೂರನೇ ಕ್ಯಾಸೆಟ್ ಹೊತ್ತಿಗೆ ಆ ಸೂಚನೆಗಳ ನಡುವೆ ಬೇರೇನೋ ನುಸುಳುತ್ತಿದೆ ಎಂದು ಗೊತ್ತಾಗುತ್ತದೆ. ಆ ದನಿಗೆ ನೀವು ಮೊದಲೇ ಗೊತ್ತು. ನಿಮ್ಮ ಬಾಲ್ಯ ಗೊತ್ತು. ಕಟ್ಟಡದ ಯಾವ ಬಾಗಿಲು ಎಲ್ಲಿದೆ ಎಂಬುದೂ ಗೊತ್ತು. ಈ ನಾಟಕದಲ್ಲಿ ಸಂಭಾಷಣೆ ಇಲ್ಲ. ಇರುವುದು ಒಬ್ಬಳು ಇನ್ನೊಬ್ಬಳಿಗೆ ಹೇಳುವ ಮಾತು, ಆ ಇನ್ನೊಬ್ಬಳ ಜಾಗದಲ್ಲಿ ನೀವು. ನೀವು ಗಂಡಸಾಗಿರಿ, ಹೆಂಗಸಾಗಿರಿ, ಯಾರೇ ಆಗಿರಿ. ಒಬ್ಬ ಹೆಂಗಸು ಇಷ್ಟು ವರ್ಷ ಮರೆಯದೆ ಇಟ್ಟುಕೊಂಡ ಪ್ರೀತಿ ನೇರ ನಿಮ್ಮ ಕಿವಿಗೆ ಬೀಳುತ್ತದೆ.

ಎರಡನೇ ಸೀಸನ್ ಮ್ಯೂಸಿಯಂಗಳಲ್ಲಿ ಕೇಳಿಸುವ ಧ್ವನಿ ಮಾರ್ಗದರ್ಶಿ. ರೋಯಿಮಾಟಾ ಎಂಬ ಕಲಾವಿದೆ, ಕಾಣೆಯಾದ ಕ್ಲಾಡಿಯಾ ಅಟಿಯೆನೋ ಎಂಬ ಇನ್ನೊಬ್ಬ ಕಲಾವಿದೆಯ ಚಿತ್ರಗಳನ್ನು ವಿವರಿಸುತ್ತಾಳೆ. ಚಿತ್ರದ ಬಗ್ಗೆ ಮಾತಾಡುತ್ತಾ ಆಡುತ್ತಾ ತಮ್ಮಿಬ್ಬರ ಬದುಕಿಗೆ ಹೊರಳುತ್ತಾಳೆ. ಮೆಚ್ಚುಗೆ, ಹೊಟ್ಟೆಕಿಚ್ಚು, ಹಂಬಲ ಎಲ್ಲ ಕಲಸಿಕೊಂಡ ಸಂಬಂಧ ಅದು. ಸೀಸನ್‌ಗಳು ಬೇರೆ ಬೇರೆ ಕತೆ, ಹಾಗಾಗಿ ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಆದರೂ ಮೊದಲನೆಯದರಿಂದಲೇ ಬನ್ನಿ.

ಒಂದು ಮಾತು: ಇದನ್ನು ಪಾತ್ರೆ ತೊಳೆಯುತ್ತಾ, ಬಸ್ಸಿನ ಗದ್ದಲದಲ್ಲಿ ಕೇಳಿದರೆ ಅರ್ಧ ತಪ್ಪಿಹೋಗುತ್ತದೆ. ಕೂತು ಕೇಳಬೇಕು.

ಅಷ್ಟು ಹೊತ್ತಿಲ್ಲದವರಿಗೆ 'ಮೂನ್‌ಬೇಸ್ ಥೀಟಾ, ಔಟ್'. ಡಿ.ಜೆ. ಸಿಲ್ವಿಸ್ ಬರೆದದ್ದು, 2018ರಲ್ಲಿ ಶುರು. ಚಂದ್ರನ ಮೇಲಿನ ಒಂದು ನೆಲೆಯನ್ನು ಮುಚ್ಚುತ್ತಿದ್ದಾರೆ. ಇಸವಿ 2098. ಅಲ್ಲಿ ಕೆಲಸ ಮಾಡುವ ರೋಜರ್ ವಾರಕ್ಕೊಮ್ಮೆ ಭೂಮಿಗೆ ವರದಿ ಕಳಿಸಬೇಕು. ಮೊದಲ ಸೀಸನ್ನಿನ ಒಂದೊಂದು ಕಂತೂ ಕೆಲವೇ ನಿಮಿಷ. ಮೊದಲು ಕಚೇರಿಯ ಒಣ ಭಾಷೆ: ಏನು ಕೆಟ್ಟಿದೆ, ಏನು ಸರಿಹೋಗಿದೆ. ಕೊನೆಯಲ್ಲಿ ಗಂಡ ಅಲೆಕ್ಸಾಂಡರ್‌ಗೆ ನಾಲ್ಕು ಸಾಲು. ವಾರ ಕಳೆದಂತೆ ಆ ನಾಲ್ಕು ಸಾಲಿಗೋಸ್ಕರವೇ ನಾವು ಕಾಯುತ್ತೇವೆ. ದುಬೈಯಿಂದ, ಮಸ್ಕತ್ತಿನಿಂದ ಮನೆಗೆ ಫೋನ್ ಮಾಡಿದವರ ದನಿ ಕೇಳಿ ಬೆಳೆದವರಿಗೆ ರೋಜರ್‌ನ ಆ ಆತುರ ಬೇಗ ಅರ್ಥವಾಗುತ್ತದೆ. ಅವರಿಬ್ಬರೂ ಗಂಡಸರು ಎಂಬುದಕ್ಕೆ ನಾಟಕದಲ್ಲಿ ವಿವರಣೆಯೇ ಇಲ್ಲ. ದೂರ ಮಾತ್ರ ಇದೆ. ಮುಂದಿನ ಸೀಸನ್‌ಗಳಲ್ಲಿ ಕತೆ ದೊಡ್ಡದಾಗಿ ಬೇರೆ ಪಾತ್ರಗಳೂ ಬರುತ್ತವೆ. ನನಗೆ ಮೊದಲನೆಯದೇ ಸಾಕು.

ಹಿಂದಿನ ಕಾಲದ ಭಯ

ಇಲ್ಲಿಯವರೆಗೆ ಹೇಳಿದ ಹೆಚ್ಚಿನ ನಾಟಕಗಳಲ್ಲಿ ಕ್ವಿಯರ್ ಆಗಿರುವುದು ಒಂದು ಸಮಸ್ಯೆಯೇ ಅಲ್ಲ. ಅದು ಕೆಲವರಿಗೆ ನೆಮ್ಮದಿ. ಇನ್ನು ಕೆಲವರಿಗೆ, "ನಾವು ಪಟ್ಟ ಪಾಡು ಎಲ್ಲಿ ಹೋಯಿತು" ಅನ್ನಿಸಬಹುದು. ಅಂಥವರಿಗೆ ಕಾಲಯಾನದ ಕತೆಗಳು ಒಳ್ಳೆಯದು.

'ಆರ್ಸ್ ಪ್ಯಾರಡಾಕ್ಸಿಕಾ' 2015ರಿಂದ 2018ರವರೆಗೆ ಬಂತು. ಡೇನಿಯಲ್ ಮ್ಯಾನಿಂಗ್ ಮತ್ತು ಮಿಶಾ ಸ್ಟಾಂಟನ್ ಮಾಡಿದ್ದು. ಸ್ಯಾಲಿ ಗ್ರಿಸಮ್ ಈ ಕಾಲದ ಭೌತವಿಜ್ಞಾನಿ. ಪ್ರಯೋಗ ಎಡವಟ್ಟಾಗಿ 1943ಕ್ಕೆ ಹೋಗಿ ಬೀಳುತ್ತಾಳೆ. ಅವಳು ಏಸೆಕ್ಷುಯಲ್. ಕತೆಯ ನಾಯಕಿಯನ್ನು ಯಾರಿಗೂ ಗಂಟುಹಾಕದೆ, ಅವಳ ಸ್ನೇಹಗಳಿಗೇ ಪೂರ್ತಿ ತೂಕ ಕೊಡುವ ನಾಟಕ ಅಪರೂಪ. ಅದೇ ಕತೆಯಲ್ಲಿ ಎಸ್ತರ್ ಮತ್ತು ಬ್ರಿಜೆಟ್ ಎಂಬ ಹೆಂಗಸರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಅದೂ ಅಮೆರಿಕ ಸರ್ಕಾರದ ಗುಟ್ಟಿನ ಕೆಲಸದಲ್ಲಿದ್ದುಕೊಂಡು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶದಿಂದ ಸಲಿಂಗಪ್ರೇಮಿಗಳು ಸರ್ಕಾರಿ ಕೆಲಸ ಕಳೆದುಕೊಂಡ ದೇಶ ಅದು. ಆ ಹಿನ್ನೆಲೆ ಗೊತ್ತಿದ್ದು ಕೇಳಿದರೆ ಎದೆ ಬಿಗಿಯುತ್ತದೆ. ಕತೆ ಮಾತ್ರ ಜಟಿಲ, ವಿಜ್ಞಾನದ ಮಾತು ಬಹಳ, ಕಂತಿನ ಕೊನೆಯಲ್ಲಿ ಓದುವ ಅಂಕಿಗಳಲ್ಲೂ ಗುಪ್ತ ಸಂದೇಶ. ಒಗಟು ಬಿಡಿಸುವ ಹುಚ್ಚಿದ್ದರೆ ಇದನ್ನೇ ಹಿಡಿಯಿರಿ.

'ಡಾಕ್ಟರ್ ಹೂ' ಬ್ರಿಟನ್ನಿನ ಟೀವಿ ಸರಣಿ, ಡಾಕ್ಟರ್ ಎಂಬ ಕಾಲಯಾನಿಯ ಕತೆ. ಬ್ರಿಟನ್ನಿನ ಬಿಗ್ ಫಿನಿಶ್ ಕಂಪನಿ ಅದನ್ನು ಆಧರಿಸಿ ಮಾಡಿದ ಆಡಿಯೋ ನಾಟಕಗಳಲ್ಲಿ 2011ರ 'ದಿ ಪರ್ಪೆಚುವಲ್ ಬಾಂಡ್' ಇದೇ ದಾರಿಯದು. 1966ರ ಲಂಡನ್. ಆಲಿವರ್ ಹಾರ್ಪರ್ ಎಂಬ ಯುವಕ ಪೊಲೀಸರಿಗೆ ಹೆದರಿ ಬದುಕುತ್ತಿದ್ದಾನೆ. ಗಂಡಸರ ನಡುವಿನ ಪ್ರೀತಿ ಇಂಗ್ಲೆಂಡಿನಲ್ಲಿ ಅಪರಾಧವಲ್ಲ ಎಂದಾದದ್ದು ಮರುವರ್ಷ, ಅದೂ ಕೆಲವು ಷರತ್ತುಗಳೊಂದಿಗೆ. ಆಲಿವರ್ ಮೂರು ಕತೆಗಳಲ್ಲಿ ಇದ್ದಾನೆ. ಭವಿಷ್ಯದಿಂದ ಬಂದ ಗೆಳೆಯನಿಗೆ ತನ್ನ ಗುಟ್ಟು ಹೇಳಿದಾಗ, ಅದರಲ್ಲಿ ಹೆದರುವಂಥದ್ದು ಏನಿದೆ ಎಂದೇ ಆ ಗೆಳೆಯನಿಗೆ ಅರ್ಥವಾಗುವುದಿಲ್ಲ.

ಟ್ರಾನ್ಸ್ ಪಾತ್ರವೇ ಮುಖ್ಯ ಅನ್ನುವವರಿಗೆ

ಬಿಗ್ ಫಿನಿಶ್‌ನದೇ 'ಸ್ಟ್ರ್ಯಾಂಡೆಡ್' ಕೊಳ್ಳಿ. 2020ರಿಂದ 2022ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದದ್ದು. ಡಾಕ್ಟರ್‌ನ ಕಾಲಯಂತ್ರ ಕೆಟ್ಟು ಅವನೂ ಜೊತೆಗಾರ್ತಿಯರೂ 2020ರ ಲಂಡನ್ನಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಬೇಕರ್ ಸ್ಟ್ರೀಟಿನ ದೊಡ್ಡ ಮನೆ, ತುಂಬ ಬಾಡಿಗೆದಾರರು. ಅವರಲ್ಲಿ ಟಾನಿಯಾ ಬೆಲ್ ಟ್ರಾನ್ಸ್ ಮಹಿಳೆ. ಆ ಪಾತ್ರಕ್ಕೆ ದನಿಯಾದವರು ರೆಬೆಕಾ ರೂಟ್, ತಾವೂ ಟ್ರಾನ್ಸ್ ಮಹಿಳೆಯೇ. ಇದು ನನಗೆ ಬಹಳ ಮುಖ್ಯ. ಆಡಿಯೋ ನಾಟಕದಲ್ಲಿ ದನಿಯೇ ದೇಹ. ಆ ದನಿ ಯಾರದು ಎಂಬುದು ಸಣ್ಣ ವಿವರವಲ್ಲ. ಡಾಕ್ಟರ್‌ನ ಜೊತೆಗಾರ್ತಿ ಲಿವ್ ಚೆಂಕಾ ಮತ್ತು ಟಾನಿಯಾ ನಡುವೆ ಹುಟ್ಟುವ ಪ್ರೀತಿ ನಾಲ್ಕು ಸಂಪುಟಗಳನ್ನೂ ಹೊತ್ತು ನಡೆಸುತ್ತದೆ. ಅದೇ ಮನೆಯಲ್ಲಿ ರಾನ್ ಮತ್ತು ಟೋನಿ ಎಂಬ ವಯಸ್ಸಾದ ಗಂಡಸರ ಜೋಡಿ ಇದೆ. ತಲೆ ನರೆತ ಗೇ ದಂಪತಿಗಳು ಟೀ ಕುಡಿಯುತ್ತಾ, ಕೊಂಕು ಮಾತಾಡುತ್ತಾ ಬದುಕುವುದನ್ನು ಕೇಳುವುದೇ ಒಂದು ಸಮಾಧಾನ. ಡಾಕ್ಟರ್ ಹೂ ಗೊತ್ತಿಲ್ಲದವರಿಗೆ ಮೊದಮೊದಲು ಕೆಲವು ಹೆಸರು ಗೊಂದಲವಾಗುತ್ತವೆ. ಮನೆ, ಬಾಡಿಗೆ, ನೆರೆಹೊರೆ ಎಲ್ಲರಿಗೂ ಗೊತ್ತಿರುವ ಸಂಗತಿ, ಅದರ ಜೊತೆಗೇ ಉಳಿದದ್ದೂ ತಿಳಿಯುತ್ತದೆ. ದುಡ್ಡು ಹಾಕುವ ಮುನ್ನ ಯೋಚನೆ ಇದ್ದರೆ ಮೊದಲ ಸಂಪುಟ ಮಾತ್ರ ಕೊಂಡು ನೋಡಿ.

ಇಂಗ್ಲಿಷ್ ಉಚ್ಚಾರಣೆ ಕಷ್ಟವಾದರೆ

ಐರಿಸ್, ಪೆನಂಬ್ರಾ, ಬ್ರೈಟ್ ಸೆಷನ್ಸ್, ನೈಟ್ ವೇಲ್ ಇವಕ್ಕೆಲ್ಲ ಪೂರ್ತಿ ಸಂಭಾಷಣೆಯ ಲಿಖಿತ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ. ಮೊದಲ ಕೆಲವು ಕಂತುಗಳನ್ನು ಓದುತ್ತಾ ಕೇಳಿ. ಕಿವಿ ಒಗ್ಗಿದ ಮೇಲೆ ಬೇಕಾಗುವುದಿಲ್ಲ. ಉಚ್ಚಾರಣೆ ಸುಲಭ ಎಂದರೆ ಬ್ರೈಟ್ ಸೆಷನ್ಸ್ ಮತ್ತು ವಿದಿನ್ ದಿ ವೈರ್ಸ್, ಒಂದು ಹೊತ್ತಿಗೆ ಒಬ್ಬರೋ ಇಬ್ಬರೋ ಮಾತ್ರ ಮಾತಾಡುತ್ತಾರೆ. ಐರಿಸ್‌ನಲ್ಲಿ ಐದಾರು ಜನ ಒಟ್ಟಿಗೆ ಕೂಗಾಡುವ ದೃಶ್ಯಗಳಿವೆ, ಯಾರು ಯಾರೆಂದು ತಿಳಿಯಲು ಎರಡು ಮೂರು ಕಂತು ಬೇಕು. ಜುನೋದಲ್ಲಿ ಹಳೆಯ ಪತ್ತೇದಾರಿ ಕತೆಗಳ ಆಡುಮಾತು ಜಾಸ್ತಿ.

ಇನ್ನು ಅಪ್ಪ ಅಮ್ಮನಿಗೋ ಅಣ್ಣನಿಗೋ ಕೇಳಿಸಿ ಮಾತು ಶುರು ಮಾಡಬೇಕು ಎಂದು ಯೋಚಿಸುತ್ತಿರುವವರೂ ಇರುತ್ತಾರೆ. ಅವರಿಗೆ ಜುನೋ ಬೇಡ, ನೈಟ್ ವೇಲ್ ಕೂಡ ಬೇಡ, ಅದರ ವಿಚಿತ್ರದಲ್ಲೇ ಅವರು ಕಳೆದುಹೋಗುತ್ತಾರೆ. ಬ್ರೈಟ್ ಸೆಷನ್ಸ್‌ನ ಮೂರನೇ ಕಂತು ಹಾಕಿ. ಡಾಕ್ಟರ ಮುಂದೆ ಕೂತು ತನ್ನೊಳಗೆ ಏನಾಗುತ್ತಿದೆ ಎಂದು ಹೇಳಲು ಒದ್ದಾಡುವ ಒಬ್ಬ ಹುಡುಗ, ಅಷ್ಟೇ ಅದರಲ್ಲಿ ಇರುವುದು. ಆಡಮ್ ಬಗ್ಗೆ ಅವರಾಗಿಯೇ ಕೇಳಿದರೆ ಮುಂದಿನ ಕಂತುಗಳನ್ನು ಹಾಕಿ.